ಕಸಬರಗಿ ಕಟ್ಟಲು ಕಲಿತ ಕಾಲೇಜು

ಓದಲು ಹೊರಟಿದ್ದ ಅಮೆರಿಕದ ಬರೀಯಾ ಕಾಲೇಜಿನಿಂದ ಕೆಲಸದ ಇಮೇಲ್ ಬಂದದ್ದು 2011ರ ಜುಲೈನಲ್ಲಿ. ಗದಗಿನ ಸೈಬರ್ ಕೆಫೆಯಲ್ಲಿ ಕೂತು ಓದಿದೆ. ವೀಸಾ ಆಗಿತ್ತು, ಟಿಕೆಟ್ ಆಗಿತ್ತು. ಅಲ್ಲಿ ಓದಿನ ಜೊತೆ ನನಗೆ ಯಾವ ಕೆಲಸ ಕೊಡ್ತಾರೆ ಅನ್ನೋದೊಂದೇ ಬಾಕಿ. ಗ್ರಂಥಾಲಯ ಇರಬಹುದು, ಕಂಪ್ಯೂಟರ್ ಲ್ಯಾಬ್ ಇರಬಹುದು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಬಂದದ್ದು ‘ಬ್ರೂಮ್‌ಕ್ರಾಫ್ಟ್’. ಪಕ್ಕದ ಕಂಪ್ಯೂಟರಿನ ಹುಡುಗ ಇಣುಕಿ ನೋಡಿ ‘ಬ್ರೂಮ್ ಅಂದ್ರ ಕಸಬರಗಿ ಅಲ್ಲೇನ್ರಿ?’ ಅಂದ. ಹೌದು, ಕಸಬರಗಿಯೇ. ಮೈಸೂರು ಕಡೆಯವರಿಗೆ ಪೊರಕೆ.

ಮನೆಗೆ ಬಂದು ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು.

‘ಕಸಬರಗಿ ಕಟ್ಟಾಕ ಅಮೆರಿಕಾಕ ಹೊಂಟೀಯೇನ?’

ಅಪ್ಪ ಕಟ್ಟೆಯ ಮೇಲಿಂದಲೇ ಸಮಾಧಾನ ಹೇಳಿದರು. ‘ಅದರಾಗೇನೈತಿ? ಶರಣೆ ಸತ್ಯಕ್ಕ ಅಂಗಳಾ ಗುಡಸ್ತಿದ್ಲು. ಅದೂ ಕಾಯಕಾನ.’

‘ಸತ್ಯಕ್ಕ ಗುಡಸ್ತಿದ್ಲು. ಕಟ್ಟತಿರಲಿಲ್ಲ’ ಅಂದಳು ಅವ್ವ.

ಆ ವ್ಯತ್ಯಾಸ ಹೊರಗಿನವರಿಗೆ ತಿಳಿಯೋದು ಕಷ್ಟ. ನಮ್ಮೂರಲ್ಲಿ ಎಲ್ಲರಿಗೂ ತಿಳಿಯುತ್ತದೆ. ಗುಡಿಸುವವರು ನಾವು. ಈಚಲ ಗರಿ ತಂದು ಕಸಬರಗಿ ಕಟ್ಟಿ ಮನೆಮನೆಗೆ ತರುವವರು ಕೊರವರು. ಅವರು ಬಂದರೆ ಹೊಸ್ತಿಲ ಆಚೆಗೇ ನಿಲ್ಲುತ್ತಿದ್ದರು. ಅವ್ವ ಮೊರದಲ್ಲಿ ಜೋಳ ಹಾಕುತ್ತಿದ್ದಳು, ಅವರು ಸೆರಗು ಒಡ್ಡುತ್ತಿದ್ದರು. ನಾವು ಲಿಂಗಾಯತರು. ಪಡಸಾಲೆಯಲ್ಲಿ ಬಸವಣ್ಣನ ಫೋಟೊ ಇದೆ. ಆ ಫೋಟೊದ ಕೆಳಗೇ ಈ ವ್ಯವಹಾರ ನಡೆಯುತ್ತಿತ್ತು. ನನಗೆ 18 ವರ್ಷ ಆಗುವ ತನಕ ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ.

ಅಜ್ಜಿಗೆ ಮಾತ್ರ ಬೇರೆ ಚಿಂತೆ. ಊರ ಹೆಸರು ಬರೀಯಾ ಅಂತ ಹೇಳಿದ್ದೆ. ಅವಳಿಗೆ ಅದು ‘ಬರ್ತೀಯಾ’ ಅಂತಲೇ ಕೇಳಿಸುತ್ತಿತ್ತು. ‘ಬರ್ತೀನಿ ಅನ್ನು, ಹೇಳು’ ಅಂತ ನನ್ನ ಬಾಯಿಂದ ಹೇಳಿಸುತ್ತಿದ್ದಳು.

ಬರೀಯಾ ಕಾಲೇಜು ಇರೋದು ಅಮೆರಿಕದ ಕೆಂಟಕಿ ರಾಜ್ಯದಲ್ಲಿ. ಲೆಕ್ಸಿಂಗ್ಟನ್ ನಗರದಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರು. ಅಪಲೇಚಿಯನ್ ಬೆಟ್ಟಸಾಲು ಶುರುವಾಗುವ ಜಾಗ. ನಾನಿದ್ದಾಗ ಸುಮಾರು 1,600 ವಿದ್ಯಾರ್ಥಿಗಳು ಅಷ್ಟೆ. ನಮ್ಮ ಕಡೆಯ ದೊಡ್ಡ ಪಿಯು ಕಾಲೇಜಿನಲ್ಲೂ ಇದಕ್ಕಿಂತ ಜಾಸ್ತಿ ಮಕ್ಕಳು ಇರ್ತಾರೆ. ನವೋದಯ ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮೇಡಂ ಒಂದು ದಿನ ಇದರ ಬಗ್ಗೆ ಹೇಳಿದರು. 1892ರಿಂದ ಯಾವ ವಿದ್ಯಾರ್ಥಿಯ ಹತ್ತಿರವೂ ಬೋಧನಾ ಶುಲ್ಕ ತೆಗೆದುಕೊಂಡಿಲ್ಲ ಅಂದರು. ನಾನು ನಂಬಲಿಲ್ಲ. ಎಲ್ಲೋ ಏನೋ ಮೋಸ ಇರಬೇಕು ಅಂದುಕೊಂಡೆ. ಅಮೆರಿಕದ ಕಾಲೇಜು ಅಂದರೆ ಲಕ್ಷಗಳ ಲೆಕ್ಕ ಅಲ್ವಾ?

ಮೋಸ ಇರಲಿಲ್ಲ, ಷರತ್ತು ಎರಡಿದ್ದವು. ಒಂದು, ನೀವು ಬಡವರಾಗಿರಬೇಕು. ದುಡ್ಡಿದ್ದವರನ್ನು ಆ ಕಾಲೇಜು ಸೇರಿಸಿಕೊಳ್ಳೋದೇ ಇಲ್ಲ. ಎರಡು, ಓದುವ ಎಲ್ಲರೂ ವಾರಕ್ಕೆ ಕಡಿಮೆ ಅಂದರೂ 10 ಗಂಟೆ ಕಾಲೇಜಿನ ಕೆಲಸ ಮಾಡಬೇಕು. ಅಡುಗೆಮನೆ, ಹೊಲ, ಕಚೇರಿ, ನೇಯ್ಗೆ, ಬಡಗಿ ಕೆಲಸ, ಯಾವುದಾದರೂ ಸರಿ. ‘ನನಗೆ ಬೇಡ’ ಅನ್ನೋ ಹಾಗಿಲ್ಲ. ಬೇರೆ ದೇಶಗಳಿಂದ ವರ್ಷಕ್ಕೆ ಬೆರಳೆಣಿಕೆಯಷ್ಟು ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಅವರ ಮೊದಲ ವರ್ಷದ ಊಟ, ವಸತಿ ಎಲ್ಲ ಕಾಲೇಜಿನದೇ. ಆಮೇಲಿನ ವರ್ಷಗಳಿಗೆ ಬೇಸಿಗೆ ರಜೆಯಲ್ಲಿ ದುಡಿದು ಒಂದಿಷ್ಟು ನಾವೂ ಹಾಕಬೇಕು.

ಅರ್ಜಿ ಹಾಕಿದ ಕತೆ ಉದ್ದ ಇದೆ, ಚುಟುಕಾಗಿ ಹೇಳುತ್ತೇನೆ. ಪ್ರಬಂಧ ಬರೆಯೋದು ಕಷ್ಟ ಆಗಲಿಲ್ಲ. ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಯೂ ಆಯಿತು. ಕಷ್ಟ ಆದದ್ದು ನಾವು ಬಡವರು ಅಂತ ಸಾಬೀತು ಮಾಡೋದು. ಆದಾಯ ಪ್ರಮಾಣ ಪತ್ರಕ್ಕೆ ಒಂದು ಕಚೇರಿಗೆ ಅಪ್ಪ ನಾಲ್ಕು ಸಲ ಅಲೆದರು. ನಾಲ್ಕನೆಯ ಸಲ ಸಿಕ್ಕಿತು, ಆದರೆ ಹೆಸರು ತಪ್ಪು. ತಿದ್ದಿಸಲು ಐದನೆಯ ಸಲ. ಇದ್ದದ್ದು ಐದು ಎಕರೆ ಖುಷ್ಕಿ ಜಮೀನು, ಹಿಂಗಾರಿ ಜೋಳ, ಕಡಲೆ. ಮಳೆ ಬಂದರೆ ಬೆಳೆ. ಅದನ್ನು ಡಾಲರ್ ಲೆಕ್ಕಕ್ಕೆ ತಿರುಗಿಸಿ ಫಾರ್ಮ್‌ನಲ್ಲಿ ತುಂಬಿದಾಗ ಸಂಖ್ಯೆ ಎಷ್ಟು ಸಣ್ಣದಾಗಿ ಕಂಡಿತು ಅಂದರೆ, ಒಂದು ಸೊನ್ನೆ ಬಿಟ್ಟುಹೋಗಿದೆ ಅಂತ ಮೇಡಂ ಮತ್ತೆ ಲೆಕ್ಕ ಹಾಕಿದರು.

ವೀಸಾಕ್ಕೆ ಚೆನ್ನೈಗೆ ಹೋಗಬೇಕಿತ್ತು. ಗಾಜಿನ ಹಿಂದೆ ಕೂತ ಅಧಿಕಾರಿ ಏನು ಓದ್ತೀಯಾ ಅಂತ ಕೇಳಿದರು. ‘ಇನ್ನೂ ತೀರ್ಮಾನ ಮಾಡಿಲ್ಲ’ ಅಂದೆ. ಹಿಂದೆ ಸಾಲಿನಲ್ಲಿದ್ದವರೊಬ್ಬರು ಆಮೇಲೆ ನನ್ನನ್ನು ಬೈದರು. ಹಾಗೆ ಹೇಳ್ತಾರೇನಮ್ಮ, ವೀಸಾ ಕೊಡಲ್ಲ ಅಂತ. ಆದರೆ ನಿಜ ಅದೇ ಆಗಿತ್ತು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಮರುದಿನವೇ ಸೈನ್ಸಾ, ಕಾಮರ್ಸಾ, ಆರ್ಟ್ಸಾ ಅಂತ ಹಣೆಗೆ ಚೀಟಿ ಅಂಟಿಸುತ್ತಾರೆ. ಅಲ್ಲಿ ಲಿಬರಲ್ ಆರ್ಟ್ಸ್ ಕಾಲೇಜು ಅಂದರೆ ಮೊದಲು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದು, ಆಮೇಲೆ ಒಂದನ್ನು ಆರಿಸಿಕೋ ಅಂತ. ಹೆಸರಿನಲ್ಲಿ ಆರ್ಟ್ಸ್ ಇದ್ದರೂ ರಸಾಯನಶಾಸ್ತ್ರ, ಗಣಿತ ಎಲ್ಲ ಅದರೊಳಗೇ. 2002ರಲ್ಲಿ ರಸಾಯನಶಾಸ್ತ್ರಕ್ಕೆ ನೊಬೆಲ್ ಹಂಚಿಕೊಂಡ ಜಾನ್ ಫೆನ್ ಇದೇ ಕಾಲೇಜಿನಲ್ಲಿ ಓದಿದವರು. ಅಧಿಕಾರಿಗೆ ಇದೆಲ್ಲ ಗೊತ್ತಿತ್ತು ಅಂತ ಕಾಣುತ್ತದೆ. ‘ಕೆಲಸ ಏನು?’ ಅಂತ ಇನ್ನೊಂದೇ ಪ್ರಶ್ನೆ ಕೇಳಿದರು. ಆಗಿನ್ನೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಹೇಳುತ್ತಿದ್ದೆನಾ ಅನ್ನೋದು ಅನುಮಾನ.

ಆಗಸ್ಟ್‌ನಲ್ಲಿ ಹೋದೆ. ವಿಮಾನದ ಟಿಕೆಟ್ಟಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಿದ್ದರು.

ಕಸಬರಗಿ ಕಟ್ಟುವ ಕೋಣೆಗೆ ಕಾಲಿಟ್ಟಾಗ ಮೊದಲು ಬಂದದ್ದು ವಾಸನೆ. ಒಣ ಹುಲ್ಲಿನದು, ಸ್ವಲ್ಪ ಸಿಹಿ. ಎಲ್ಲೋ ಮೂಗಿಗೆ ಪರಿಚಯ ಇದ್ದದ್ದು. ಗೋಡೆಗೆ ಒರಗಿಸಿ ಕಟ್ಟುಗಟ್ಟಲೆ ಕಡ್ಡಿ ನಿಲ್ಲಿಸಿದ್ದರು. ಇದೇನು ಅಂತ ಕೇಳಿದೆ. ಬ್ರೂಮ್‌ಕಾರ್ನ್ ಅಂದರು. ಕಾರ್ನ್ ಅಂದರೆ ಮೆಕ್ಕೆಜೋಳ ಅಂದುಕೊಂಡೆ. ಆದರೆ ಇದು ಮೆಕ್ಕೆಜೋಳ ಅಲ್ಲ. ಒಂದು ಕಡ್ಡಿ ಕೈಗೆ ತೆಗೆದುಕೊಂಡು ತಿರುಗಿಸಿದೆ. ತುದಿಯಲ್ಲಿ ಉದ್ದುದ್ದ ಎಳೆ, ಎಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದ ಸಣ್ಣ ಕಾಳು. ಕಾಳನ್ನು ಉಗುರಿನಿಂದ ಬಿಡಿಸಿ ನೋಡಿದೆ.

ಜೋಳ.

ನಮ್ಮ ಜೋಳವೇ. ಅದರ ಇನ್ನೊಂದು ತಳಿ. ನಮ್ಮದು ತೆನೆ ಗಟ್ಟಿಯಾಗಲಿ ಅಂತ ಬೆಳೆಸಿದ್ದು, ಇದು ತೆನೆಯ ಎಳೆ ಉದ್ದ ಆಗಲಿ ಅಂತ ಬೆಳೆಸಿದ್ದು. ಆಫ್ರಿಕಾದಿಂದ ಹೊರಟ ಒಂದೇ ಗಿಡ ನಮ್ಮಲ್ಲಿ ರೊಟ್ಟಿ ಆಯಿತು, ಇಲ್ಲಿ ಪೊರಕೆ ಆಯಿತು. ಈಗ ಅಮೆರಿಕದಲ್ಲಿ ಇದನ್ನು ಬೆಳೆಯುವವರು ಕಡಿಮೆ, ಹೆಚ್ಚಿನದು ಮೆಕ್ಸಿಕೊದಿಂದ ಬರುತ್ತದೆ. ಇನ್ನೊಂದು ತಳಿಯ ಸಿಹಿ ಜೋಳದ ದಂಟನ್ನು ಕೆಂಟಕಿಯವರು ಗಾಣಕ್ಕೆ ಹಾಕಿ, ಕಾಸಿ, ಜೋನಿ ಬೆಲ್ಲದಂಥ ಪಾಕ ಮಾಡುತ್ತಾರೆ. ಬಿಸಿ ಬಿಸ್ಕಿಟ್ಟಿನ ಮೇಲೆ ಸುರಿದುಕೊಂಡು ತಿನ್ನುತ್ತಾರೆ. ಜೋಳದ ಕಾಳು ಮಾತ್ರ ದನಕರುಗಳಿಗೆ! ಕಾಳಿನ ಹಿಟ್ಟಿನಿಂದ ರೊಟ್ಟಿ ಮಾಡಬಹುದು ಅಂತ ನಾನು ಹೇಳಿದಾಗ ಯಾರೂ ನಂಬಲಿಲ್ಲ.

ಆ ದಿನ ರಾತ್ರಿ ಅವ್ವನಿಗೆ ಫೋನ್ ಮಾಡಿ ‘ಇಲ್ಲಿ ಕಸಬರಗಿ ಜೋಳದ್ದು’ ಅಂದೆ. ತುಂಬಾ ಹೊತ್ತು ಸುಮ್ಮನಿದ್ದಳು. ‘ಜೋಳಾ ತುಳೀಬಾರದು ಅಂತೀವಿ. ಅವರು ಅದರಲೇ ಕಸಾ ಹೊಡೀತಾರಲ್ಲ’ ಅಂದಳು.

ಬ್ರೂಮ್‌ಕ್ರಾಫ್ಟ್ ಶುರುವಾದದ್ದು 1920ರಲ್ಲಿ. ಅಲ್ಲಿಯ ಯಂತ್ರಗಳನ್ನು ನೋಡಿದರೆ ಅಂದಿನಿಂದಲೇ ಇವೆ ಅನ್ನಿಸುತ್ತದೆ. ಕೆಲಸ ಹೀಗೆ. ಕಡ್ಡಿಗಳನ್ನು ಉದ್ದ, ಗಿಡ್ಡ ಅಂತ ಬೇರೆ ಮಾಡಿ ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಮುರಿಯುತ್ತವೆ. ಮರದ ಹಿಡಿಯ ಕೆಳತುದಿಯಲ್ಲಿ ಒಂದು ತೂತು, ಅದರೊಳಗೆ ತಂತಿಯ ತುದಿ. ಹಿಡಿಯನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ, ತಂತಿಯನ್ನು ಬಿಗಿಯಾಗಿ ಹಿಡಿದು, ಹಿಡಿಹಿಡಿ ಕಡ್ಡಿಯನ್ನು ಸುತ್ತಲೂ ಕೂರಿಸುತ್ತಾ ಹೋಗಬೇಕು. ಒಳಗಿನ ಪದರ ಒರಟು ಕಡ್ಡಿ. ಆಮೇಲೆ ಎರಡು ಪಕ್ಕಕ್ಕೆ ಎರಡು ಭುಜ. ಕೊನೆಗೆ ಮೇಲೆ ಚೆಂದದ ಕಡ್ಡಿ. ಮೇಲುಳಿದ ದಂಟುಗಳನ್ನು ಸೀಳಿ ತಂತಿಯ ಜೊತೆ ಜಡೆಯ ಹಾಗೆ ಹೆಣೆಯೋದೂ ಉಂಟು.

ಇಷ್ಟಾದಾಗ ಅದು ದುಂಡಗಿರುತ್ತದೆ. ಚಪ್ಪಟೆ ಮಾಡಲು ಇಕ್ಕಳದಲ್ಲಿ ಅದುಮಿ ಹೊಲಿಯಬೇಕು. ಸೂಜಿಗೆ ಎರಡೂ ಕಡೆ ಮೊನೆ. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು ಈ ಕಡೆಯಿಂದ ಚುಚ್ಚಿ ಆ ಕಡೆ ತಳ್ಳು, ಆ ಕಡೆಯಿಂದ ಚುಚ್ಚಿ ಈ ಕಡೆ ತಳ್ಳು. ಗೋಣಿಚೀಲ ಹೊಲಿದ ಅಭ್ಯಾಸ ಇತ್ತಲ್ಲ, ಹೊಲಿಗೆ ನನಗೆ ಬೇಗ ಬಂತು. ಪೊರಕೆಯನ್ನು ಹೀಗೆ ಚಪ್ಪಟೆ ಮಾಡಿ ಹೊಲಿಯುವ ಉಪಾಯ ಶೇಕರ್ ಪಂಥದವರದು ಅಂತ ಹೇಳುತ್ತಾರೆ. ಕೂಡಿ ದುಡಿದು, ಕೂಡಿ ಬಾಳುತ್ತಿದ್ದ, ಮದುವೆ ಆಗದ ಕ್ರೈಸ್ತರು ಅವರು. ಕೆಂಟಕಿಯಲ್ಲೇ ಪ್ಲೆಸೆಂಟ್ ಹಿಲ್ ಅನ್ನೋ ಅವರ ಹಳೆಯ ಊರು ಇನ್ನೂ ಇದೆ.

ಬಾರದೇ ಇದ್ದದ್ದು ತಂತಿಯ ಬಿಗಿ. ನನ್ನ ಮೊದಲ ಪೊರಕೆಯನ್ನು ಮೇಲ್ವಿಚಾರಕರು ಕೈಗೆ ತೆಗೆದುಕೊಂಡು ಒಮ್ಮೆ ನೆಲಕ್ಕೆ ಬಡಿದರು. ಅರ್ಧ ಕಡ್ಡಿ ಉದುರಿದವು. ಏನೂ ಅನ್ನಲಿಲ್ಲ. ಉದುರಿದ್ದನ್ನು ಗುಡಿಸಲು ಒಂದು ಒಳ್ಳೆಯ ಪೊರಕೆ ಕೊಟ್ಟರು. ಎರಡನೆಯದೂ ಉದುರಿತು. ಸರಿಯಾಗಿ ಒಂದು ನಿಂತದ್ದು ದಸರೆಯ ಹೊತ್ತಿಗೆ. ಅಷ್ಟರಲ್ಲಿ ಬೆರಳುಗಳಲ್ಲಿ ತಂತಿ ಕೊಯ್ದ ಗೆರೆಗಳು. ತಿಂಗಳ ಕೊನೆಗೆ ಬರುವ ದುಡ್ಡು ಜಾಸ್ತಿ ಏನಲ್ಲ, ಸೋಪು, ಫೋನ್ ಕಾರ್ಡು ಇಂಥದ್ದಕ್ಕೆ ಸರಿಹೋಗುತ್ತಿತ್ತು. ಪಾಠದ ಹಾಗೆಯೇ ಕೆಲಸಕ್ಕೂ ಮೌಲ್ಯಮಾಪನ ಇತ್ತು. ಕಲನಶಾಸ್ತ್ರದಲ್ಲಿ ಚೆನ್ನಾಗಿ ಮಾಡಿದ ಹುಡುಗ ಪಾತ್ರೆ ತೊಳೆಯೋದರಲ್ಲಿ ಬೈಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಒಂದು ಮಾತು ಹೇಳಲೇಬೇಕು. ಅಲ್ಲಿ ಪೊರಕೆ ಕಟ್ಟೋದಕ್ಕೆ ನಾಚಿದವಳು ನಾನೊಬ್ಬಳೇ. ನನ್ನ ರೂಂಮೇಟ್ ಪೂರ್ವ ಕೆಂಟಕಿಯ ಕಲ್ಲಿದ್ದಲು ಗಣಿ ಊರಿನವಳು. ನನಗೆ ಬ್ರೂಮ್‌ಕ್ರಾಫ್ಟ್ ಸಿಕ್ಕಿದ್ದು ಕೇಳಿ ಅವಳಿಗೆ ಹೊಟ್ಟೆಕಿಚ್ಚು. ಅವಳಿಗೆ ಸಿಕ್ಕಿದ್ದು ಊಟದ ಹಾಲ್. ಅವಳಜ್ಜಿ ಹೊಲಿದ ಕೌದಿ ಅವಳ ಹಾಸಿಗೆಯ ಮೇಲೆ, ನನ್ನಜ್ಜಿ ಹೊಲಿದ ಕೌದಿ ನನ್ನ ಹಾಸಿಗೆಯ ಮೇಲೆ. ಹಳೆಯ ಸೀರೆ ಬದಲು ಹಳೆಯ ಅಂಗಿ, ಅಷ್ಟೇ ವ್ಯತ್ಯಾಸ. 1890ರ ದಶಕದಲ್ಲಿ ವಿಲಿಯಂ ಗುಡೆಲ್ ಫ್ರಾಸ್ಟ್ ಕಾಲೇಜಿನ ಅಧ್ಯಕ್ಷರಾಗಿದ್ದಾಗ, ದುಡ್ಡಿಲ್ಲದ ಬೆಟ್ಟದ ತಾಯಂದಿರು ಮಗ್ಗದಲ್ಲಿ ನೇಯ್ದ ಹೊದಿಕೆ ತಂದುಕೊಟ್ಟು ಮಕ್ಕಳ ಖರ್ಚು ತೀರಿಸುತ್ತಿದ್ದರಂತೆ. ಕೈಕೆಲಸಗಳು ಕಾಲೇಜಿನೊಳಗೆ ಬಂದದ್ದು ಆ ದಾರಿಯಿಂದ. ಹೊದಿಕೆಗೆ ಓದು, ಜೋಳಕ್ಕೆ ಕಸಬರಗಿ. ಈ ಲೆಕ್ಕ ನನಗೆ ಚೆನ್ನಾಗಿ ಅರ್ಥ ಆಗುತ್ತಿತ್ತು.

ಅಕ್ಟೋಬರಿನಲ್ಲಿ ಮೌಂಟನ್ ಡೇ. ಆ ದಿನ ಪಾಠ ಇಲ್ಲ, ಕೆಲಸ ಇಲ್ಲ. ಊರ ಪಕ್ಕದ ಇಂಡಿಯನ್ ಫೋರ್ಟ್ ಬೆಟ್ಟಕ್ಕೆ ಎಲ್ಲರೂ ಹೋಗುತ್ತಾರೆ. ಕೆಲವರು ಕತ್ತಲಲ್ಲೇ ಹತ್ತಿ ಸೂರ್ಯೋದಯ ನೋಡುತ್ತಾರೆ. ಹಳೆಯ ರೂಢಿ ಅದು. ಬಯಲುಸೀಮೆಯವಳು ನಾನು. ನಮ್ಮ ಕಡೆ ಬೆಟ್ಟ ಅಂದರೆ ಕಪ್ಪತಗುಡ್ಡ ಒಂದೇ. ಕಾಡೆಲ್ಲ ಕೆಂಪು, ಹಳದಿ ಆಗಿದ್ದನ್ನು ಮೊದಲ ಸಲ ನೋಡಿ ಗಿಡಗಳಿಗೆ ರೋಗ ಬಂದಿದೆ ಅಂದುಕೊಂಡೆ. ಇದನ್ನು ಇವತ್ತಿಗೂ ನೆನೆಸಿಕೊಂಡು ನಗುವ ಗೆಳತಿಯರಿದ್ದಾರೆ.

ಮೊದಲ ವರ್ಷದ ಬರವಣಿಗೆಯ ಕೋರ್ಸಿನಲ್ಲಿ ಕಾಲೇಜಿನ ಹಳೆಯ ದಾಖಲೆ ಒಂದನ್ನು ಓದಿ ಬರೆಯಿರಿ ಅಂದರು. ಹಚಿನ್ಸ್ ಲೈಬ್ರರಿಗೆ ಹೋದೆ. ನನಗೆ ಬೇಗ ಮುಗಿಯುವಂಥದ್ದು ಬೇಕಿತ್ತು. 1859ರ ನಿಯಮಾವಳಿ ಚಿಕ್ಕದಿತ್ತು, ಅದನ್ನೇ ತೆಗೆದುಕೊಂಡೆ. ಅದರ ಎರಡನೆಯ ನಿಯಮ ಈ ಕಾಲೇಜು ಯಾವುದನ್ನು ವಿರೋಧಿಸುತ್ತದೆ ಅಂತ ಹೇಳುತ್ತದೆ. ಪಂಥಭೇದ, ಗುಲಾಮರನ್ನು ಇಟ್ಟುಕೊಳ್ಳುವುದು. ಮೂರನೆಯ ಪದ ‘ಕಾಸ್ಟ್’. ಜಾತಿ!

ಎರಡು ಸಲ ಓದಿದೆ. ಕೆಂಟಕಿಯ ಕಾಡಿನಲ್ಲಿ ಕೂತು 1859ರಲ್ಲಿ ಜಾತಿಯ ಹೆಸರು ಯಾರು ಎತ್ತಿದರು ಅಂತ ದಿಗಿಲಾಯಿತು. ಆ ಕಾಲದಲ್ಲಿ ಗುಲಾಮಗಿರಿ ವಿರೋಧಿಗಳು ಕಪ್ಪು-ಬಿಳಿ ಭೇದಕ್ಕೆ ಈ ಪದವನ್ನೇ ಬಳಸುತ್ತಿದ್ದರು ಅಂತ ನಮ್ಮ ಪ್ರೊಫೆಸರ್ ಹೇಳಿದರು. ಗುಲಾಮಗಿರಿ ಕಾನೂನಿನಿಂದ ಹೋಗಬಹುದು, ಆದರೆ ನೀನು ಅಲ್ಲಿ ಕೂರು, ನಾನು ಇಲ್ಲಿ ಕೂರ್ತೀನಿ ಅನ್ನೋದು ಉಳಿಯುತ್ತದೆ, ಆ ಉಳಿಯೋದಕ್ಕೆ ಒಂದು ಹೆಸರು ಬೇಕಿತ್ತು ಅಂದರು. ನಮ್ಮ ರೋಗದ ಹೆಸರು ಅಲ್ಲಿಗೆ ಹೋಗಿ ಅವರ ರೋಗಕ್ಕೂ ಹೆಸರಾಗಿತ್ತು.

ರೂಂಮೇಟ್ ಕೇಳಿದಳು, ‘ನಿಮ್ಮಲ್ಲಿ ಅದು ಹೇಗಿರುತ್ತೆ?’ ನಾನು ಸಮಾಜ ವಿಜ್ಞಾನದ ಪುಸ್ತಕದ ಉತ್ತರ ಕೊಟ್ಟೆ. ಸಂವಿಧಾನ, 17ನೇ ವಿಧಿ, ಅಸ್ಪೃಶ್ಯತೆ ನಿಷೇಧ. ‘ಹಾಗಲ್ಲ, ನಿಮ್ಮ ಮನೇಲಿ?’ ಅಂದಳು. ಆಗ ಮೊರ ನೆನಪಾಯಿತು. ಮೇಲಿನಿಂದ ಸುರಿಯುವ ಜೋಳ ನೆನಪಾಯಿತು. ಹೇಳಲಿಲ್ಲ. ನಿದ್ದೆ ಬರ್ತಿದೆ ಅಂದೆ.

ಆಮೇಲೆ ಕಾಲೇಜಿನ ಚರಿತ್ರೆ ಬಿಡಲಿಲ್ಲ. ಕೊನೆಗೆ ಇತಿಹಾಸವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡೆ. ಇದನ್ನು ಕಟ್ಟಿದವರು ಜಾನ್ ಗ್ರೆಗ್ ಫೀ. ಕೆಂಟಕಿಯವರೇ, ಗುಲಾಮರನ್ನು ಇಟ್ಟುಕೊಂಡಿದ್ದ ಮನೆಯ ಮಗ. ಗುಲಾಮಗಿರಿ ಪಾಪ ಅಂತ ಸಾರಿದ್ದಕ್ಕೆ ಅಪ್ಪ ಆಸ್ತಿಯಿಂದ ಹೊರಗಿಟ್ಟ. ಫೀ ತಮ್ಮ ಅಪ್ಪನಿಂದಲೇ ಜೂಲೆಟ್ ಮೈಲ್ಸ್ ಅನ್ನೋ ಹೆಂಗಸನ್ನು ದುಡ್ಡು ಕೊಟ್ಟು ಬಿಡಿಸಿಕೊಂಡು ಸ್ವತಂತ್ರಳನ್ನಾಗಿ ಮಾಡಿದರು. ಆದರೆ ಆಕೆಯ ಮಕ್ಕಳು ಗುಲಾಮರಾಗಿಯೇ ಉಳಿದಿದ್ದರು. ಅವರನ್ನು ಕರೆದುಕೊಂಡು ಒಹಾಯೊ ನದಿ ದಾಟಿಸಲು ಹೋಗಿ ಆಕೆ ಸಿಕ್ಕಿಬಿದ್ದಳು, ಜೈಲಿನಲ್ಲೇ ಸತ್ತಳು. ಫೀ ಬಗ್ಗೆ ಎಲ್ಲರೂ ಹೇಳುತ್ತಾರೆ. ನನ್ನ ತಲೆಯಲ್ಲಿ ಉಳಿದವಳು ಜೂಲೆಟ್.

ಕ್ಯಾಸಿಯಸ್ ಕ್ಲೇ ಅನ್ನೋ ಜಮೀನ್ದಾರ ಕೊಟ್ಟ ನೆಲದಲ್ಲಿ 1855ರಲ್ಲಿ ಒಂದೇ ಕೋಣೆಯ ಶಾಲೆ ಶುರುವಾಯಿತು. ಬೈಬಲ್ಲಿನಲ್ಲಿ ಬರುವ, ತೆರೆದ ಮನಸ್ಸಿನ ಜನ ಇದ್ದ ಊರಿನ ಹೆಸರು ಇಟ್ಟರು. 1859ರ ಡಿಸೆಂಬರಿನಲ್ಲಿ ಆಯುಧ ಹಿಡಿದ ಗುಂಪು ಬಂದು ಹತ್ತು ದಿನದಲ್ಲಿ ಊರು ಬಿಡಿ ಅಂತ ಹೇಳಿತು. ಬಿಟ್ಟರು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ವಾಪಸ್ ಬಂದರು. 1866-67ರಲ್ಲಿ 187 ವಿದ್ಯಾರ್ಥಿಗಳು. ಅವರಲ್ಲಿ 96 ಮಂದಿ ಕಪ್ಪು ಜನ, 91 ಮಂದಿ ಬಿಳಿಯರು. ಹುಡುಗರು, ಹುಡುಗಿಯರು ಒಟ್ಟಿಗೆ. ಯುದ್ಧ ಮುಗಿದು ಎರಡು ವರ್ಷ ಆಗಿಲ್ಲ, ಗುಲಾಮಗಿರಿ ಇದ್ದ ರಾಜ್ಯದಲ್ಲಿ! ಆ ಪುಟವನ್ನು ನಾನು ಫೋಟೊ ತೆಗೆದಿಟ್ಟುಕೊಂಡಿದ್ದೇನೆ.

ಕತೆ ಇಲ್ಲಿಗೇ ನಿಲ್ಲಿಸಿದರೆ ಚೆಂದ. ಕಾಲೇಜಿನ ಕೈಪಿಡಿಗಳಲ್ಲಿ ಇಲ್ಲಿಂದ ಸ್ವಲ್ಪ ಬೇಗ ಬೇಗ ಓಡುತ್ತಾರೆ ಅಂತ ನನಗನ್ನಿಸುತ್ತದೆ. 1904ರಲ್ಲಿ ಕೆಂಟಕಿ ಸರ್ಕಾರ ಡೇ ಕಾನೂನು ತಂದಿತು. ಕಪ್ಪು, ಬಿಳಿ ಮಕ್ಕಳಿಗೆ ಒಂದೇ ಕಡೆ ಪಾಠ ಮಾಡುವ ಹಾಗಿಲ್ಲ. ಬೇಕಾದರೆ ಇನ್ನೊಂದು ಶಾಖೆ ಮಾಡಿಕೊಳ್ಳಿ, ಆದರೆ ಅದು ಕಡಿಮೆ ಅಂದರೂ 25 ಮೈಲಿ ದೂರ ಇರಬೇಕು. ಗದಗಿನಿಂದ ಆಚೆ ಕೊಪ್ಪಳದ ಹತ್ತಿರಕ್ಕೆ ಓಡಿಸಿದ ಹಾಗೆ ಲೆಕ್ಕ. ಆಗ ರಾಜ್ಯದಲ್ಲಿ ಹಾಗೆ ಒಟ್ಟಿಗೆ ಕಲಿಸುತ್ತಿದ್ದ ಕಾಲೇಜು ಇದೊಂದೇ, ಕಾನೂನು ಬಂದದ್ದೇ ಇದರ ಮೇಲೆ. ಕಾಲೇಜಿಗೆ 1,000 ಡಾಲರ್ ದಂಡ ಬಿತ್ತು. ಸುಪ್ರೀಂ ಕೋರ್ಟಿಗೆ ಹೋದರು. 1908ರಲ್ಲಿ ಸೋತರು. ಕೆಂಟಕಿಯವರೇ ಆದ ನ್ಯಾಯಮೂರ್ತಿ ಹಾರ್ಲನ್ ಆ ತೀರ್ಪನ್ನು ಒಪ್ಪದೆ ಬೇರೆಯಾಗಿ ಬರೆದರು.

ಆಗ ಕಾಲೇಜು ಒಂದು ಆಯ್ಕೆ ಮಾಡಬೇಕಿತ್ತು, ಮಾಡಿತು. ಬಿಳಿಯ ಮಕ್ಕಳನ್ನು ಉಳಿಸಿಕೊಂಡಿತು. ಕಪ್ಪು ಮಕ್ಕಳಿಗೆ ಬೇರೆ ಕಾಲೇಜುಗಳಲ್ಲಿ ಓದಲು ಸಹಾಯ ಮಾಡಿತು. ಅವರಿಗಾಗಿ ಲೂಯಿವಿಲ್ ಹತ್ತಿರ ಲಿಂಕನ್ ಇನ್‌ಸ್ಟಿಟ್ಯೂಟ್ ಕಟ್ಟಲು ಹಣ ಕೂಡಿಸಿತು, ಅದು 1912ರಲ್ಲಿ ಶುರುವಾಯಿತು. ಅಧ್ಯಕ್ಷ ಫ್ರಾಸ್ಟ್ ಕಾನೂನು ಬರುವ ಮೊದಲೇ ಬೆಟ್ಟದ ಬಿಳಿಯ ಮಕ್ಕಳ ಕಡೆ ವಾಲಿದ್ದರು ಅನ್ನುವ ಆರೋಪವೂ ಇದೆ. ಅಂಕಿಸಂಖ್ಯೆ ಓದಿದ ಮೇಲೆ ನನಗೂ ಹಾಗೇ ಅನ್ನಿಸಿತು. ಮುಂದೆ ಅಮೆರಿಕದ ಕಪ್ಪು ಜನರ ಚರಿತ್ರೆ ಬರೆಯೋದಕ್ಕೆ ದಾರಿ ಮಾಡಿದ ಕಾರ್ಟರ್ ವುಡ್ಸನ್ ಇಲ್ಲಿಂದ ಪದವಿ ಪಡೆದದ್ದು 1903ರಲ್ಲಿ. ಒಂದೇ ವರ್ಷ ತಡ ಆಗಿದ್ದರೆ ಬಾಗಿಲು ಮುಚ್ಚಿರುತ್ತಿತ್ತು. ಮತ್ತೆ ತೆರೆದದ್ದು 1950ರಲ್ಲಿ, ಕಾನೂನು ಸಡಿಲಾದ ಮೇಲೆ. ನಡುವೆ 46 ವರ್ಷ. ಗುರುವಾರದ ಸಭೆಗಳು ನಡೆಯುವ ಫೆಲ್ಪ್ಸ್ ಸ್ಟೋಕ್ಸ್ ಚಾಪೆಲ್ ವಿದ್ಯಾರ್ಥಿಗಳೇ ಕಟ್ಟಿದ್ದು, ಮುಗಿದದ್ದು 1906ರಲ್ಲಿ. ಚೆಲುವಾದ ಕಟ್ಟಡ. ಕೆಲಸ ಶುರು ಮಾಡಿದವರಲ್ಲಿ ಯಾರು ಯಾರಿಗೆ ಅದರೊಳಗೆ ಕೂರಲು ಸಿಕ್ಕಿತು ಅಂತ ಅಲ್ಲಿ ಕೂತಾಗಲೆಲ್ಲ ಯೋಚಿಸುತ್ತಿದ್ದೆ. ಭಾಷಣ ಬೇಜಾರಾದಾಗ ಸ್ವಲ್ಪ ಜಾಸ್ತಿ.

ಫೀಸು ಇಲ್ಲದೆ ಕಾಲೇಜು ಹೇಗೆ ನಡೆಯುತ್ತೆ ಅಂತ ಅಪ್ಪ ಪ್ರತಿ ಸಲ ಕೇಳುತ್ತಿದ್ದರು. ದೊಡ್ಡ ಮೂಲನಿಧಿ ಇದೆ, ಆಗ 100 ಕೋಟಿ ಡಾಲರಿನ ಆಸುಪಾಸು ಇತ್ತು. ಉಯಿಲಿನ ಮೂಲಕ ಬರುವ ದುಡ್ಡನ್ನು, ದಾನಿ ಬೇರೆ ಹೇಳದಿದ್ದರೆ, ಖರ್ಚು ಮಾಡದೆ ಮೂಲನಿಧಿಗೇ ಹಾಕಬೇಕು ಅಂತ 1920ರಲ್ಲೇ ತೀರ್ಮಾನ ಮಾಡಿದ್ದರು. ಬಡ್ಡಿಯಲ್ಲಿ ಬದುಕುವ ಕಾಲೇಜು ಅಂತ ವಿವರಿಸಿದೆ. ‘ಬಡ್ಯಾಗ ಸಾಯೋರನ್ನ ನೋಡೀನಿ, ಬದುಕೋರನ್ನ ಈಗ ಕೇಳಿದೆ’ ಅಂದರು.

ಎರಡನೆಯ ವರ್ಷ ಕೆಲಸ ಬದಲಿಸಬಹುದಿತ್ತು. ಆರ್ಕೈವ್ಸ್‌ನಲ್ಲಿ ಜಾಗ ಖಾಲಿ ಇತ್ತು, ನನಗೆ ಸರಿಹೋಗುವ ಕೆಲಸ. ಅರ್ಜಿ ಬರೆದು ಕಳಿಸಲಿಲ್ಲ. ಯಾಕೆ ಅಂತ ಸರಿಯಾಗಿ ಹೇಳಲು ಬರುವುದಿಲ್ಲ. ಕೈಗೆ ಆಗಷ್ಟೇ ಬಿಗಿ ಬಂದಿತ್ತು, ಅದೊಂದು. ಮೂರನೆಯ ವರ್ಷದ ಹೊತ್ತಿಗೆ ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ. ಅವರ ಮೊದಲ ಪೊರಕೆಯನ್ನು ನೆಲಕ್ಕೆ ಬಡಿಯುವ ಸುಖವೂ ನನ್ನದಾಯಿತು.

2014ರ ಬೇಸಿಗೆಯಲ್ಲಿ ಮೂರು ವಾರಕ್ಕೆ ಊರಿಗೆ ಬಂದೆ. ಸೂಟ್‌ಕೇಸಿನಲ್ಲಿ ಒಂದು ಗಿಡ್ಡ ಕಸಬರಗಿ ಇತ್ತು, ಒಲೆಯ ಮುಂದೆ ಗುಡಿಸುವಂಥದ್ದು, ನಾನೇ ಕಟ್ಟಿದ್ದು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದವರು ‘ಏನಮ್ಮಾ, ಚಾಕೊಲೇಟ್ ತರ್ತಾರೆ, ಪೊರಕೆ ತಂದಿದ್ದೀಯಲ್ಲ?’ ಅಂತ ನಕ್ಕರು. ಅಜ್ಜಿ ಆಗ ಇರಲಿಲ್ಲ. ಹಿಂದಿನ ವರ್ಷ ತೀರಿಕೊಂಡಿದ್ದಳು. ಬರ್ತೀನಿ ಅಂತ ಹೇಳಿದ್ದೆ, ಬಂದೆ, ತಡವಾಗಿ.

ಅವ್ವ ಕಸಬರಗಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದರಿಂದ ಗುಡಿಸಲಿಲ್ಲ. ಪಡಸಾಲೆಯ ಗೂಟಕ್ಕೆ ನೇತುಹಾಕಿದಳು, ಬಸವಣ್ಣನ ಪಕ್ಕದಲ್ಲೇ.

ಮರುವಾರ ಕಸಬರಗಿ ಮಾರುವ ಕಾಕಿ ಬಂದಳು. ಸಣ್ಣವಳಿದ್ದಾಗಿಂದ ನೋಡಿದ ಮುಖ. ಹೆಸರು ಕೇಳಿರಲಿಲ್ಲ, ಆವತ್ತು ಕೇಳಿದೆ. ಒಳಗ ಬರ್ರಿ ಅಂದೆ. ಬರಲಿಲ್ಲ. ಇನ್ನೊಮ್ಮೆ ಕರೆದಾಗ ಅವ್ವನ ಮುಖ ನೋಡಿದಳು. ಅವ್ವ ಒಲೆಯ ಕಡೆ ನೋಡಿದಳು. ಕೊನೆಗೆ ಕಾಕಿ ಮೆಟ್ಟಿಲ ಮೇಲೆ ಕೂತಳು, ಹೊಸ್ತಿಲಿಗೆ ಒಂದು ಮೆಟ್ಟಿಲು ಕೆಳಗೆ. ನಾನೂ ಅದೇ ಮೆಟ್ಟಿಲಿಗೆ ಹೋಗಿ ಕೂತೆ. ಅವ್ವ ಚಹಾ ತಂದಳು. ಯಾವ ಕಪ್ಪು ಅಂತ ನೋಡಿದೆ. ನನಗೆ ಸ್ಟೀಲಿನದು. ಅವಳಿಗೆ ಕಿಟಕಿಯ ಮೂಲೆಯಲ್ಲಿ ಬೇರೆ ಇಟ್ಟಿರುತ್ತಿದ್ದ ಪ್ಲಾಸ್ಟಿಕ್ಕಿನದು. 1859ರ ನಿಯಮಾವಳಿ ಬಗ್ಗೆ 14 ಪುಟ ಬರೆದು ಒಳ್ಳೆ ಗ್ರೇಡು ತೆಗೆದುಕೊಂಡವಳು ನಾನು. ಏನೂ ಅನ್ನಲಿಲ್ಲ. ಅವ್ವನ ಜೊತೆ ಜಗಳ ಆದದ್ದು ರಾತ್ರಿ, ಕಾಕಿ ಹೋದ ಮೇಲೆ.

ಗೂಟದಿಂದ ಕಸಬರಗಿ ತಂದು ಕಾಕಿಯ ಕೈಗೆ ಕೊಟ್ಟೆ. ಅವಳು ನೋಡಿದ ರೀತಿಯೇ ಬೇರೆ. ಹೊಲಿಗೆಯ ಕಡೆ ಗಮನವೇ ಇಲ್ಲ. ನೇರ ತಂತಿ ಸುತ್ತಿದ ಕತ್ತಿಗೆ ಬೆರಳು ಹಾಕಿ ಅಲುಗಾಡಿಸಿದಳು. ಒಂದು ಕಡ್ಡಿ ಹಿಡಿದು ಜಗ್ಗಿದಳು. ಬರಲಿಲ್ಲ. ಇನ್ನೂ ಜೋರಾಗಿ ಜಗ್ಗಿದಳು. ಬರಲಿಲ್ಲ.

‘ಬಿಗಿ ಛಲೋ ಐತಿ ತಂಗಿ. ಯಾರು ಕಟ್ಯಾರ?’

‘ನಾನ ಕಟ್ಟೀನಿ ಕಾಕಿ.’

ನನ್ನ ಕೈ ಹಿಡಿದು ಬೆರಳು ಬಿಡಿಸಿ ನೋಡಿದಳು. ತಂತಿಯ ಗೆರೆಗಳನ್ನು ಕಂಡು ತನ್ನ ಬೆರಳು ತೋರಿಸಿದಳು. ಎಷ್ಟಕ್ಕೆ ಮಾರ್ತಾರ ಅಂತ ಕೇಳಿದಳು. ದೊಡ್ಡ ಕಸಬರಗಿಯ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಹೇಳಿದೆ. ‘ಅಷ್ಟಕ್ಕ ಆಡಿನ ಮರಿ ಬರ್ತದಲ್ಲವಾ!’ ಅಂತ ಬಾಯಿ ಮೇಲೆ ಕೈ ಇಟ್ಟಳು.

ಎದ್ದು ಹೊರಡುವಾಗ ಕಡ್ಡಿಯನ್ನು ಇನ್ನೊಮ್ಮೆ ಮೂಸಿ ನೋಡಿದಳು. ‘ಜೋಳದ್ದೇನ ಇದು? ಮ್ಯಾಲೆ ಕಟ್ಟು ಮತ್ತ. ಕೆಳಗಿಟ್ರ ನಿಮ್ಮ ಎಮ್ಮಿ ತಿಂತದ.’